ಅತಿ ಕಿರಿದರ ಕೊನೆ ಎಲ್ಲಿ? ಕ್ವಾರ್ಕುಗಳ ಸೆಳೆತವೂ ಕೋಲಾರದ ಗಣಿಯೂ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಂತಹ ನೀರಾವರಿ ಊರಿನಲ್ಲಿ ಜಮೀನಿನ ಪಾಲುಪಾರೀಕತ್ತು ಯಾವ ಮನೆಗೂ ಹೊಸತಲ್ಲ. ತಾತನ ಕಾಲದಲ್ಲಿ ನಾಲ್ಕು ಎಕರೆಯಿದ್ದ ಗದ್ದೆ ಮಕ್ಕಳ ಕಾಲಕ್ಕೆ ಎರಡಾಗಿ, ಮೊಮ್ಮಕ್ಕಳ ಕಾಲಕ್ಕೆ ಒಂದಾಗಿ, ಅಲ್ಲಿಂದ ಮುಂದೆ ಗುಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. 40 ಗುಂಟೆಗೆ ಒಂದು ಎಕರೆ; 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ; ಅದರ ಹದಿನಾರನೆಯ ಒಂದು ಭಾಗ ಒಂದು ಆಣೆ. ಕಾಗದದ ಮೇಲೆ ಆಣೆಯನ್ನೂ ಭಾಗಿಸಬಹುದು, ಆ ಭಾಗವನ್ನು ಮತ್ತೆಯೂ ಭಾಗಿಸಬಹುದು, ಗಣಿತಕ್ಕೆ ಬೇಸರವೆಂಬುದಿಲ್ಲ. ಆದರೆ ಒಂದು ಹಂತ ದಾಟಿದ ಮೇಲೆ ಆ ತುಂಡಿನಲ್ಲಿ ಜೋಡಿ ಎತ್ತು ತಿರುಗಲು ಜಾಗವಿರುವುದಿಲ್ಲ. ಎಲ್ಲೆ ಗುರುತಿಸಲು ಹಾಕಿದ ಬದುವೇ ಹೊಲವನ್ನೆಲ್ಲ ನುಂಗಿಬಿಡುತ್ತದೆ. ಅಲ್ಲಿಗೆ 'ಇನ್ನೂ ಚಿಕ್ಕ ಹೊಲ' ಎಂಬ ಮಾತೇ ಅರ್ಥಹೀನವಾಗುತ್ತದೆ.

ಹೊಲಕ್ಕೆ ಇಂತಹ ಒಂದು ಮಿತಿಯಿರುವಂತೆ ಉದ್ದಕ್ಕೂ ಒಂದು ಮಿತಿಯಿದೆಯೇ? ಒಂದು ಅಡಿಯನ್ನು ಭಾಗಿಸುತ್ತ ಹೋದರೆ, ಇದಕ್ಕಿಂತ ಕಿರಿದಾದ ಉದ್ದ ಇಲ್ಲವೇ ಇಲ್ಲ ಎನ್ನುವ ತಾಣ ಎಲ್ಲಿಯಾದರೂ ಬರುತ್ತದೆಯೇ? ಬರುವುದಾದರೆ ನಮ್ಮ ದೇಹ, ಅನ್ನ, ನೀರು ಎಲ್ಲವನ್ನೂ ಕಟ್ಟಿಹಿಡಿದಿರುವ ಬಲಗಳ ಮೇಲೆ ಅದರ ಪರಿಣಾಮವೇನು? ಕೇಳಲು ಇದು ಬಿಡುವಿದ್ದವರ ಹರಟೆಯಂತೆ ತೋರಬಹುದು. ಆದರೆ ಈ ಪ್ರಶ್ನೆಗೆ ಬಹು ಹತ್ತಿರದ ಒಂದು ಪರೀಕ್ಷೆಯನ್ನು ಕನ್ನಡ ನಾಡಿನ ನೆಲದಡಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವರ್ಷಗಟ್ಟಲೆ ನಡೆಸಲಾಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ಕಥನವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸೊನ್ನೆಗಳ ಲೆಕ್ಕ

ಮೊದಲಿಗೆ ಅಳತೆಯ ಒಂದು ಸುಲಭ ಕ್ರಮವನ್ನು ಒಪ್ಪಿಕೊಳ್ಳೋಣ. ಒಂದು ಮೀಟರನ್ನು 1000ದಿಂದ ಭಾಗಿಸಿದರೆ ಒಂದು ಮಿಲಿಮೀಟರು. 1ರ ಮುಂದೆ 3 ಸೊನ್ನೆ ಇರುವುದರಿಂದ ಇದನ್ನು '3 ಸೊನ್ನೆಯ ಉದ್ದ' ಎನ್ನೋಣ. ಪರಮಾಣುವಿನ ಗಾತ್ರ ಸುಮಾರು 10 ಸೊನ್ನೆಯ ಉದ್ದ. ಅದರ ನಡುವಣ ಬೀಜದಲ್ಲಿರುವ ಪ್ರೋಟಾನು ಸುಮಾರು 15 ಸೊನ್ನೆಯ ಉದ್ದ. ಸೊನ್ನೆ ಹೆಚ್ಚಿದಷ್ಟೂ ಉದ್ದ ಕಿರಿದಾಗುತ್ತದೆ. ಒಂದೊಂದು ಸೊನ್ನೆಗೂ ಹತ್ತು ಪಟ್ಟು ಕಿರಿದು.

ಪ್ರೋಟಾನು ಒಡೆಯಲಾಗದ ಮೂಲವಸ್ತುವೆಂದು ಬಹುಕಾಲ ಭಾವಿಸಲಾಗಿತ್ತು. 1964ರಲ್ಲಿ ಮರ್ರೆ ಗೆಲ್‌ಮನ್ ಮತ್ತು ಜಾರ್ಜ್ ಝ್ವೈಗ್ ಎಂಬ ವಿಜ್ಞಾನಿಗಳು, ಪ್ರೋಟಾನು ಮತ್ತು ನ್ಯೂಟ್ರಾನುಗಳು ಮೂರು ಮೂರು ಕಣಗಳಿಂದ ಆದವೆಂದು ಬೇರೆ ಬೇರೆಯಾಗಿ ಸೂಚಿಸಿದರು. ಗೆಲ್‌ಮನ್ ಅವಕ್ಕೆ ಇಟ್ಟ ಹೆಸರು 'ಕ್ವಾರ್ಕ್'. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ದೊಡ್ಡ ಯಂತ್ರದಲ್ಲಿ ಪ್ರೋಟಾನುಗಳಿಗೆ ಎಲೆಕ್ಟ್ರಾನುಗಳನ್ನು ರಭಸದಿಂದ ಹೊಡೆಸಿದಾಗ, ಒಳಗೆ ಗಟ್ಟಿಯಾದ ಪುಟ್ಟ ಬಿಂದುಗಳಿರುವುದು ಕಂಡುಬಂತು. ಚೀಲದ ಮೇಲೆ ಕೈಯಾಡಿಸಿ ಒಳಗೆ ಕಾಳಿದೆಯೋ ಹಿಟ್ಟಿದೆಯೋ ಎಂದು ತಿಳಿಯುವಂತೆಯೇ ಇದು. ಈ ಕಾರ್ಯಕ್ಕಾಗಿ ಮೂವರು ವಿಜ್ಞಾನಿಗಳಿಗೆ 1990ರ ನೊಬೆಲ್ ಪಾರಿತೋಷಕ ಸಂದಿತು.

ಹಸುವಿನ ಹಗ್ಗ, ಕಬ್ಬಿನ ಜಲ್ಲೆ

ಕ್ವಾರ್ಕುಗಳ ನಡುವಣ ಸೆಳೆತದ ರೀತಿಯೇ ವಿಚಿತ್ರ. ಭೂಮಿಯ ಸೆಳೆತವಾಗಲಿ, ವಿದ್ಯುತ್ತಿನ ಸೆಳೆತವಾಗಲಿ, ದೂರ ಹೋದಂತೆ ಕ್ಷೀಣಿಸುತ್ತದೆ. ಕ್ವಾರ್ಕುಗಳದು ಹಾಗಲ್ಲ. ಗೂಟಕ್ಕೆ ಕಟ್ಟಿದ ಹಸುವನ್ನು ನೋಡಿರಿ. ಗೂಟದ ಬಳಿಯಲ್ಲಿ ಅದು ಸ್ವಚ್ಛಂದವಾಗಿ ಮೇಯುತ್ತದೆ. ಕೊರಳಲ್ಲಿ ಹಗ್ಗವಿದೆಯೆಂಬ ನೆನಪೂ ಇರುವುದಿಲ್ಲ. ಹಗ್ಗ ಬಿಗಿಯಾದೊಡನೆ ಮುಂದಿನ ಹೆಜ್ಜೆ ಇಡಲಾಗದು. ಪ್ರೋಟಾನಿನ ಒಳಗೆ ಕ್ವಾರ್ಕುಗಳು ಹತ್ತಿರದಲ್ಲಿರುವಾಗ ಬಹುಮಟ್ಟಿಗೆ ಬಿಡುಬೀಸಾಗಿರುತ್ತವೆ. ಈ ಗುಣವನ್ನು 1973ರಲ್ಲಿ ಗಣಿತದಿಂದ ತೋರಿಸಿಕೊಟ್ಟ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಜರ್ ಅವರಿಗೆ 2004ರಲ್ಲಿ ನೊಬೆಲ್ ದೊರೆಯಿತು. ದೂರ ಸರಿಸಹೋದರೆ ಮಾತ್ರ ಹಿಂದಕ್ಕೆಳೆಯುವ ಬಲ ಸಡಿಲಗೊಳ್ಳುವುದೇ ಇಲ್ಲ. ಅದರ ಪ್ರಮಾಣ ಸುಮಾರು 15 ಟನ್ ತೂಕಕ್ಕೆ ಸಮ. ಕಬ್ಬು ತುಂಬಿದ ಲಾರಿಯನ್ನು ಎತ್ತಿ ಹಿಡಿಯಬಲ್ಲ ಬಲವು ಕಣ್ಣಿಗೆಂದೂ ಕಾಣದ ಎರಡು ಕಣಗಳ ನಡುವೆ ಅಡಗಿದೆ!

ಹಾಗಾದರೆ ಇನ್ನೂ ಬಲವಾಗಿ ಎಳೆದು ಒಂದು ಕ್ವಾರ್ಕನ್ನು ಹೊರತೆಗೆಯಬಾರದೇ? ಕಬ್ಬಿನ ಜಲ್ಲೆಯೊಂದನ್ನು ಕೈಗೆತ್ತಿಕೊಳ್ಳಿರಿ. ಅದರ ಒಂದು ತುದಿಯನ್ನು ಮಾತ್ರ ಬೇರೆಮಾಡುತ್ತೇನೆಂದು ಮುರಿದರೆ ಎರಡು ಜಲ್ಲೆಗಳಾಗುತ್ತವೆ. ಪ್ರತಿಯೊಂದಕ್ಕೂ ಎರಡೆರಡು ತುದಿ. ಕ್ವಾರ್ಕುಗಳ ನಡುವಣ ಬಂಧವನ್ನು ಎಳೆದು ಹರಿದಾಗಲೂ ನಾವು ವ್ಯಯಿಸಿದ ಶಕ್ತಿಯೇ ಹೊಸ ಕ್ವಾರ್ಕುಗಳ ಜೋಡಿಯಾಗಿ ಆ ತುದಿಗಳಲ್ಲಿ ಕುಳಿತುಬಿಡುತ್ತದೆ. ಆದುದರಿಂದಲೇ ಒಂಟಿ ಕ್ವಾರ್ಕನ್ನು ಈವರೆಗೆ ಯಾರೂ ಕಂಡಿಲ್ಲ.

ಈ ಸೆಳೆತವನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪ್ರಮುಖರು. 1974ರ ನವೆಂಬರಿನಲ್ಲಿ ಭಾರವಾದ ಒಂದು ಕ್ವಾರ್ಕು ಮತ್ತು ಅದರ ಪ್ರತಿಕಣ ಜೊತೆಗೂಡಿದ ಹೊಸ ಕಣವೊಂದು ಪತ್ತೆಯಾಯಿತು. ಆ ಜೋಡಿಯ ಶಕ್ತಿಯು ಏಣಿಯ ಮೆಟ್ಟಿಲುಗಳಂತೆ ನಿರ್ದಿಷ್ಟ ಹಂತಗಳಲ್ಲಿ ಮಾತ್ರ ಇರಬಲ್ಲುದು. ಕಾರ್ನೆಲ್ ಗುಂಪಿನವರು ಒಂದು ಸರಳ ಸೂತ್ರದಿಂದ ಈ ಮೆಟ್ಟಿಲುಗಳನ್ನು ಬಹುಮಟ್ಟಿಗೆ ಸರಿಯಾಗಿ ವಿವರಿಸಿದರು. ಆ ಸೂತ್ರಕ್ಕೆ ಎರಡು ಭಾಗ. ಒಂದು, ದೂರಕ್ಕೆ ತಕ್ಕಂತೆ ಏರುತ್ತ ಹೋಗುವ ಹಗ್ಗದ ಭಾಗ. ಇನ್ನೊಂದು, ಅತಿ ಹತ್ತಿರದಲ್ಲಿ ಮೇಲುಗೈ ಪಡೆಯುವ, ವಿದ್ಯುತ್ ಸೆಳೆತವನ್ನು ಹೋಲುವ ಭಾಗ. ಈ ಎರಡನೆಯ ಭಾಗದಲ್ಲಿಯೇ ನಮ್ಮ ಪ್ರಶ್ನೆಯ ಮುಳ್ಳು ಅಡಗಿದೆ: ಎರಡು ಕ್ವಾರ್ಕುಗಳ ನಡುವಣ ದೂರ ಸೊನ್ನೆಗೆ ಇಳಿದರೆ ಸೂತ್ರದ ಉತ್ತರ ಅನಂತವಾಗುತ್ತದೆ. ಲೋಕದಲ್ಲಿ ಅನಂತ ಬಲವೆಂಬುದನ್ನು ಕಂಡವರುಂಟೇ?

ಬದು ಹೊಲವನ್ನು ನುಂಗಿದಾಗ

ಇಲ್ಲಿ ಅತಿ ಕಿರಿಯ ಉದ್ದದ ವಿಚಾರ ಬರುತ್ತದೆ. 1899ರಲ್ಲಿಯೇ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಎಂಬ ಮಹಾವಿಜ್ಞಾನಿ, ಬೆಳಕಿನ ವೇಗ, ಗುರುತ್ವಾಕರ್ಷಣೆಯ ಸ್ಥಿರಾಂಕ ಮತ್ತು ತಾನೇ ಕಂಡುಕೊಂಡ ಸ್ಥಿರಾಂಕ, ಈ ಮೂರನ್ನು ಸೇರಿಸಿದರೆ ಒಂದು ಸಹಜವಾದ ಉದ್ದ ದೊರೆಯುತ್ತದೆಂದು ಗಮನಿಸಿದ. ಅದು ಸುಮಾರು 35 ಸೊನ್ನೆಯ ಉದ್ದ. ಎಷ್ಟು ಕಿರಿದೆಂದರೆ, ಅದನ್ನು ಒಂದು ಭತ್ತದ ಕಾಳಿನಷ್ಟು ಹಿಗ್ಗಿಸಿ, ಅದೇ ಪ್ರಮಾಣದಲ್ಲಿ ಪ್ರೋಟಾನನ್ನೂ ಹಿಗ್ಗಿಸಿದರೆ, ಪ್ರೋಟಾನಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಬೆಳಕಿಗೇ 80 ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ.

ಇದನ್ನು ಮಿತಿಯೆಂದು ಏಕೆ ಭಾವಿಸಬೇಕು? ಕಿರಿದಾದುದನ್ನು ನೋಡಲು ಹೆಚ್ಚು ಶಕ್ತಿಯ ಕಿರಣ ಬೇಕು. ಇನ್ನೂ ಕಿರಿದಾದುದಕ್ಕೆ ಇನ್ನೂ ಹೆಚ್ಚು. ಆದರೆ ಶಕ್ತಿಗೂ ಗುರುತ್ವಾಕರ್ಷಣೆಯುಂಟು. 35 ಸೊನ್ನೆಯಷ್ಟು ಕಿರಿದಾದ ತಾಣದಲ್ಲಿ ಅದನ್ನು ನೋಡಲು ಬೇಕಾದಷ್ಟು ಶಕ್ತಿಯನ್ನು ತುರುಕಿದರೆ, ಆ ತಾಣವೇ ಕುಸಿದು ಬೆಳಕನ್ನೂ ಹೊರಬಿಡದ ಕಪ್ಪು ಕುಳಿಯಾಗುತ್ತದೆ. ಅಳೆಯಲು ಹಾಕಿದ ಬದುವೇ ಹೊಲವನ್ನು ನುಂಗಿತು! ಅದಕ್ಕಿಂತ ಕಿರಿದಾದುದನ್ನು ಅಳೆಯುವ ಮಾತಿಗೇ ಅರ್ಥ ಉಳಿಯದು. ಇದು ಬಲವಾದ ತರ್ಕವೇ ಹೊರತು ಪ್ರಯೋಗದಿಂದ ಸಿದ್ಧವಾದ ಸತ್ಯವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಈ ವಿಚಾರವನ್ನು ಗಣಿತದ ಚೌಕಟ್ಟಿಗೆ ತಂದ ಪ್ರಯತ್ನಗಳಲ್ಲಿ 1995ರಲ್ಲಿ ಅಕಿಮ್ ಕೆಂಫ್ ಮತ್ತು ಆತನ ಇಬ್ಬರು ಸಂಗಡಿಗರು ಬರೆದ ಪ್ರಬಂಧ ಪ್ರಸಿದ್ಧವಾದುದು. ಅಂದಿನಿಂದ ಅನೇಕರು ಕ್ವಾರ್ಕುಗಳ ಸೆಳೆತಕ್ಕೆ ಈ ಮಿತಿಯನ್ನು ಅಳವಡಿಸಿ ಲೆಕ್ಕ ಹಾಕಿದ್ದಾರೆ. ಅಂತಹ ಲೆಕ್ಕಗಳಿಂದ ಹೊರಡುವ ಚಿತ್ರ ಸ್ಥೂಲವಾಗಿ ಹೀಗಿದೆ. ಹಗ್ಗದ ಭಾಗ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಕ್ವಾರ್ಕುಗಳ ಸೆರೆವಾಸ ತಪ್ಪುವುದಿಲ್ಲ. ಬದಲಾಗುವುದು ಅತಿ ಹತ್ತಿರದ ಭಾಗ. ಚೂಪಾಗಿ ಅನಂತದ ಆಳಕ್ಕಿಳಿಯುತ್ತಿದ್ದ ಬಾವಿಗೆ ಈಗ ತಳವೊಂದು ಸಿಕ್ಕುತ್ತದೆ. ಉತ್ತರ ಅನಂತವಾಗದೆ ಒಂದು ಸಂಖ್ಯೆಯಲ್ಲಿ ನಿಲ್ಲುತ್ತದೆ. ಇದರೊಂದಿಗೆ ಜೋಡಿಕಣದ ಶಕ್ತಿಯ ಮೆಟ್ಟಿಲುಗಳೂ ತಾವಿದ್ದ ಎತ್ತರದಿಂದ ತುಸು ಕದಲಬೇಕು.

ಹಾಗಿದ್ದರೆ ಮೆಟ್ಟಿಲುಗಳನ್ನು ಅಳೆದು ನೋಡಿದರೆ ಸಾಕಲ್ಲವೇ? ಅಳೆದಿದ್ದಾರೆ. ಅತಿ ಕಿರಿಯ ಉದ್ದವು ಪ್ರೋಟಾನಿನ ಗಾತ್ರಕ್ಕೆ ತಕ್ಕಮಟ್ಟಿಗೆ ಹತ್ತಿರವಿದ್ದಿದ್ದರೆ ಆ ಪಲ್ಲಟ ಎಂದೋ ಕಣ್ಣಿಗೆ ಬೀಳಬೇಕಿತ್ತು, ಬಿದ್ದಿಲ್ಲ. ಯೂರೋಪಿನ ಜಿನೀವಾ ಬಳಿಯ ಮಹಾಯಂತ್ರವು ಸುಮಾರು 19 ಸೊನ್ನೆಯ ಉದ್ದದವರೆಗೆ ಇಣುಕಿದೆ. ಅಲ್ಲಿಯೂ ಕ್ವಾರ್ಕು ಬಿಂದುವಿನಂತೆಯೇ ಕಾಣುತ್ತಿದೆ. ಮಿತಿಯು ನಿಜವಾಗಿ 35 ಸೊನ್ನೆಯಲ್ಲಿದ್ದರೆ ಮೆಟ್ಟಿಲುಗಳ ಪಲ್ಲಟವು, ಇಂತಹ ಲೆಕ್ಕಗಳ ಪ್ರಕಾರ, 1ನ್ನು 1ರ ಮುಂದೆ 40 ಸೊನ್ನೆಯಿರುವ ಸಂಖ್ಯೆಯಿಂದ ಭಾಗಿಸಿದಷ್ಟು ಅಲ್ಪ. ಯಾವ ಯಂತ್ರವೂ ಅದನ್ನು ಅಳೆಯಲಾರದು.

ಹಾಗೆಂದು ವಿಜ್ಞಾನಿಗಳು ಕೈಚೆಲ್ಲಲಿಲ್ಲ. ಒಂದು ಕಣವನ್ನು ಬಹು ಸೂಕ್ಷ್ಮವಾಗಿ ನೋಡಲಾಗದಿದ್ದರೆ, ಲೆಕ್ಕವಿಲ್ಲದಷ್ಟು ಕಣಗಳನ್ನು ಒಂದೆಡೆ ಕೂಡಿಹಾಕಿ ತಾಳ್ಮೆಯಿಂದ ಕಾಯಬಹುದಲ್ಲವೇ? ಈ ಉಪಾಯದ ಕಥೆಯೇ ಕೋಲಾರದ ಕಥೆ.

ಕಾವೇರಿಯ ವಿದ್ಯುತ್ತು, ಕೋಲಾರದ ಆಳ

ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿ ಮುಂದೆ ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. 1902ರಲ್ಲಿ ಅಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು. ಬೇಸಿಗೆಯಲ್ಲಿಯೂ ಆ ವಿದ್ಯುತ್ತಿಗೆ ನೀರು ಒದಗಲೆಂಬುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಹೀಗೆ ನಮ್ಮ ನದಿಯ ಬಲದಿಂದ ಇಳಿದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲೊಂದೆನಿಸಿತು.

ಆ ಆಳವು ಚಿನ್ನಕ್ಕಿಂತ ಬೇರೆಯಾದ ಒಂದು ಕಾರಣಕ್ಕಾಗಿ ವಿಜ್ಞಾನಿಗಳಿಗೆ ಬೇಕಾಯಿತು. ಆಕಾಶದಿಂದ ವಿಶ್ವಕಿರಣಗಳ ಮಳೆ ಹಗಲಿರುಳೂ ಸುರಿಯುತ್ತಿರುತ್ತದೆ; ನಮ್ಮ ಅಂಗೈಯ ಮೂಲಕ ನಿಮಿಷಕ್ಕೆ ಹತ್ತಾರು ಕಣಗಳು ಹಾದುಹೋಗುತ್ತವೆ. ಅಪರೂಪದ ಘಟನೆಯೊಂದನ್ನು ಈ ಗದ್ದಲದಲ್ಲಿ ಗುರುತಿಸುವುದು, ಜಾತ್ರೆಯ ನಡುವೆ ಸೂಜಿ ಬಿದ್ದ ಸದ್ದನ್ನು ಆಲಿಸಿದಂತೆ. ಬಂಡೆಯ ದಪ್ಪ ಹೊದಿಕೆಯ ಕೆಳಗೆ ಮಾತ್ರ ಮೌನ ದೊರೆಯುತ್ತದೆ. ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ, ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಉಪಕರಣಗಳೊಡನೆ ಕೋಲಾರದ ಗಣಿಗೆ ಇಳಿದು ಈ ಕಾರ್ಯಕ್ಕೆ ನಾಂದಿ ಹಾಡಿದರು. 1960ರ ದಶಕದಲ್ಲಿ ಸುಮಾರು 2.8 ಕಿಲೋಮೀಟರು ಆಳದಲ್ಲಿ ಎರಡು ತಿಂಗಳು ಕಾದರೂ ವಿಶ್ವಕಿರಣದ ಒಂದು ಕಣವೂ ಉಪಕರಣಕ್ಕೆ ಸಿಕ್ಕಲಿಲ್ಲ. ಬರಿಗೈ ಎನ್ನಬಹುದಾದ ಆ ಫಲಿತಾಂಶವೇ ಬಲುದೊಡ್ಡ ಸಂಪಾದನೆಯಾಯಿತು, ಏಕೆಂದರೆ ಬೇಕಾದ ಮೌನ ಅಲ್ಲಿತ್ತು. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಅಲ್ಲಿ ಕಂಡರು. ಜಗತ್ತಿನಲ್ಲಿಯೇ ಅಂತಹ ಮೊದಲ ಶೋಧಗಳಲ್ಲಿ ಅದು ಒಂದು.

ಪ್ರೋಟಾನಿನ ಸಾವಿಗಾಗಿ ಕಾದವರು

ಈಗ ಮತ್ತೆ ಕ್ವಾರ್ಕುಗಳಿಗೆ ಬರೋಣ. ಒಡಿಶಾದಲ್ಲಿ ಜನಿಸಿದ ಜೋಗೇಶ್ ಪತಿಯವರು ಪಾಕಿಸ್ತಾನದ ಅಬ್ದುಸ್ ಸಲಾಂ ಅವರೊಡಗೂಡಿ, ಹಾಗೆಯೇ 1974ರಲ್ಲಿ ಅಮೆರಿಕದ ಹೊವಾರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಶೋ, ಒಂದು ದಿಟ್ಟ ವಿಚಾರವನ್ನು ಮುಂದಿಟ್ಟರು. ನಮಗೆ ಬೇರೆ ಬೇರೆಯಾಗಿ ತೋರುವ ಬಲಗಳು ಬಹು ಕಿರಿದಾದ ಒಂದು ಉದ್ದದಲ್ಲಿ ಒಂದೇ ಆಗಿಬಿಡುತ್ತವೆ ಎಂಬುದೇ ಆ ವಿಚಾರ. ಜಾರ್ಜೈ ಮತ್ತು ಗ್ಲಾಶೋ ಅವರ ಸಿದ್ಧಾಂತದಲ್ಲಿ ಆ ಉದ್ದ ಸುಮಾರು 31 ಸೊನ್ನೆಯದು. ಪ್ಲಾಂಕನ ಉದ್ದದ ಅಂಗಳವನ್ನೇ ಮುಟ್ಟಿದಂತೆ. ಎರಡು ಕ್ವಾರ್ಕುಗಳು ಅಕಸ್ಮಾತ್ತಾಗಿ ಅಷ್ಟು ಹತ್ತಿರ ಬಂದರೆ ಅವುಗಳ ನಡುವೆ ಹೊಸದೊಂದು ಬಲ ಎಚ್ಚೆತ್ತು, ಕ್ವಾರ್ಕು ತನ್ನ ಕುಲವನ್ನೇ ಬಿಟ್ಟು ಎಲೆಕ್ಟ್ರಾನಿನ ಕುಲಕ್ಕೆ ಸೇರಬಲ್ಲುದು. ಆಗ ಪ್ರೋಟಾನು ಒಡೆದುಹೋಗುತ್ತದೆ.

ಅಂದರೆ ಪ್ರೋಟಾನಿಗೂ ಆಯುಷ್ಯವುಂಟು! ಸಿದ್ಧಾಂತದ ಮೊದಲ ಲೆಕ್ಕಗಳ ಪ್ರಕಾರ ಅದು 1ರ ಮುಂದೆ 30 ಸೊನ್ನೆಯ ಆಸುಪಾಸಿನಷ್ಟು ವರ್ಷ. ವಿಶ್ವದ ವಯಸ್ಸಾದರೋ 1380 ಕೋಟಿ ವರ್ಷ ಮಾತ್ರ. ಒಂದು ಪ್ರೋಟಾನಿನ ಮುಂದೆ ಕುಳಿತು ಕಾಯುವುದು ವ್ಯರ್ಥ. ಆದರೆ ಒಂದು ಟನ್ ಕಬ್ಬಿಣದಲ್ಲಿ 6ರ ಮುಂದೆ 29 ಸೊನ್ನೆಯಷ್ಟು ಪ್ರೋಟಾನು ಮತ್ತು ನ್ಯೂಟ್ರಾನುಗಳಿವೆ. 140 ಟನ್ ಕೂಡಿಹಾಕಿದರೆ 1ರ ಮುಂದೆ 31 ಸೊನ್ನೆ ಇರುವಷ್ಟು ವರ್ಷ ಆಯುಷ್ಯವಿದ್ದರೂ ವರ್ಷಕ್ಕೆ ಸುಮಾರು 8 ಸಾವು ಸಂಭವಿಸಬೇಕು. ನೂರು ವರ್ಷ ಬಾಳುವ ಮನುಷ್ಯನ ಮರಣವನ್ನು ಒಂದು ಮನೆಯಲ್ಲಿ ಕಾಯುವುದಕ್ಕೂ ಒಂದು ದೊಡ್ಡ ಪಟ್ಟಣದ ಮರಣದ ದಾಖಲೆಯನ್ನು ತೆರೆದು ನೋಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ಇದೇ ಲೆಕ್ಕದ ಮೇಲೆ, 1980ರಲ್ಲಿ ಕೋಲಾರದ ಗಣಿಯ 2.3 ಕಿಲೋಮೀಟರು ಆಳದಲ್ಲಿ 140 ಟನ್ ತೂಕದ ಉಪಕರಣ ಕಾರ್ಯಾರಂಭ ಮಾಡಿತು. ಕಬ್ಬಿಣದ ತಟ್ಟೆಗಳ ನಡುವೆ ಸಾಲುಸಾಲಾಗಿ ಜೋಡಿಸಿದ ಎಣಿಕೆಯ ಕೊಳವೆಗಳು. ಯಾವುದೇ ವಿದ್ಯುತ್ ಕಣ ಹಾದರೂ ಅದರ ಜಾಡು ದಾಖಲಾಗುವ ಏರ್ಪಾಡು. ಪ್ರೋಟಾನಿನ ಸಾವನ್ನು ಕಾಯಲೆಂದೇ ಕಟ್ಟಿದ ಜಗತ್ತಿನ ಮೊದಲ ಉಪಕರಣಗಳಲ್ಲಿ ಇದೂ ಒಂದು. ಸೆಕೆಯಿಂದ ಬೇಯುವ ಆ ಸುರಂಗಗಳಿಗೆ ಕಬ್ಬಿಣದ ತುಂಡುಗಳನ್ನು ಪಂಜರದಲ್ಲಿ ಇಳಿಸಿ ಜೋಡಿಸುವುದೇ ಸಾಹಸ. ಗಣಿಯ ಕಾರ್ಮಿಕರ ದುಡಿಮೆಯಿಲ್ಲದೆ ವಿಜ್ಞಾನಿಗಳ ಲೆಕ್ಕ ಕಾಗದದಲ್ಲಿಯೇ ಉಳಿಯುತ್ತಿತ್ತು.

ಕೆಲಕಾಲದಲ್ಲಿಯೇ ಪ್ರೋಟಾನಿನ ಸಾವನ್ನು ಹೋಲುವ ಕೆಲವು ಘಟನೆಗಳು ದಾಖಲಾದವು. ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಅಮೆರಿಕದ ಓಹಾಯೋ ರಾಜ್ಯದ ಉಪ್ಪಿನ ಗಣಿಯಲ್ಲಿ ಮತ್ತು ಜಪಾನಿನ ಕಾಮಿಯೋಕಾ ಗಣಿಯಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿಗಳನ್ನಿಟ್ಟು ಕಾದವರಿಗೆ ಅಂತಹ ಸಾವು ಕಾಣಲಿಲ್ಲ. 1985ರಲ್ಲಿ ಕೋಲಾರದಲ್ಲಿಯೇ ಇನ್ನೊಂದು, 260 ಟನ್ನಿನ ಉಪಕರಣವನ್ನು ಕಟ್ಟಿ ನೋಡಿದರು. ಆದರೂ ಆ ಮೊದಲ ಸುಳಿವು ದೃಢಪಡಲಿಲ್ಲ. ಜಾರ್ಜೈ ಮತ್ತು ಗ್ಲಾಶೋ ಅವರ ಸರಳ ಸಿದ್ಧಾಂತವನ್ನು ಕೈಬಿಡಬೇಕಾಯಿತು.

ಇದನ್ನು ಸೋಲೆಂದು ಎಣಿಸಬಾರದು. ಹೊಸ ಬಲ ಎಚ್ಚರಗೊಳ್ಳುವ ಉದ್ದ ಹತ್ತು ಪಟ್ಟು ಕಿರಿದಾದರೆ ಪ್ರೋಟಾನಿನ ಆಯುಷ್ಯ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಆದುದರಿಂದ 'ಸಾವು ಕಾಣಲಿಲ್ಲ' ಎಂಬ ಒಂದೊಂದು ವರ್ಷದ ವರದಿಯೂ, 'ಆ ಉದ್ದ ಇದಕ್ಕಿಂತ ಕಿರಿದು' ಎಂಬ ತೀರ್ಪನ್ನು ಬರೆಯುತ್ತ ಹೋಗುತ್ತದೆ. ಯಾವ ಯಂತ್ರದ ಕಣ್ಣೂ ತಲಪದ ಆಳಕ್ಕೆ ಕಬ್ಬಿಣದ ರಾಶಿ ಮತ್ತು ತಾಳ್ಮೆ ತಲಪಿದವು. ಜಪಾನಿನ 50,000 ಟನ್ ನೀರಿನ ಉಪಕರಣವು 2020ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಡೆಯುವ ಹಾದಿಗಳಲ್ಲಿ ಮುಖ್ಯವಾದ ಒಂದರಲ್ಲಿ ಪ್ರೋಟಾನಿನ ಆಯುಷ್ಯ 24ರ ಮುಂದೆ 33 ಸೊನ್ನೆಯಷ್ಟು ವರ್ಷಕ್ಕಿಂತ ಹೆಚ್ಚು. ಅದಕ್ಕಿಂತಲೂ ದೊಡ್ಡದಾದ ಉಪಕರಣವೊಂದರ ನಿರ್ಮಾಣ 2020ರಲ್ಲಿ ಅಲ್ಲಿಯೇ ಆರಂಭವಾಯಿತು.

ನಾವು ಕಳೆದುಕೊಂಡುದು, ಉಳಿಸಿಕೊಳ್ಳಬೇಕಾದುದು

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ಕೊನೆಗೊಂಡವು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿದ್ದರಿಂದ 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಲಾಯಿತು. ನೀರೆತ್ತುವ ಪಂಪುಗಳು ನಿಂತವು, ಸುರಂಗಗಳು ಜಲಾವೃತವಾದವು. ಸಾವಿರಾರು ಕುಟುಂಬಗಳ ಅನ್ನದ ದಾರಿ ಮುಚ್ಚಿತು. ಅದರೊಂದಿಗೆ, ದುಡ್ಡು ಕೊಟ್ಟರೂ ಸುಲಭವಾಗಿ ದೊರೆಯದ ಆ ಮೌನವೂ ಹೋಯಿತು. ಅಷ್ಟು ಆಳದ ಪ್ರಯೋಗಾಲಯ ನಮ್ಮ ದೇಶಕ್ಕೆ ಮತ್ತೆ ಒದಗಿಲ್ಲ. ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟವೊಂದರ ಒಳಗೆ ನ್ಯೂಟ್ರಿನೋ ವೀಕ್ಷಣಾಲಯ ಕಟ್ಟುವ ಯೋಜನೆಗೆ 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತಾದರೂ, ಸ್ಥಳೀಯರ ವಿರೋಧ ಮತ್ತು ನ್ಯಾಯಾಲಯದ ವ್ಯಾಜ್ಯಗಳಲ್ಲಿ ಅದು ಸಿಲುಕಿಕೊಂಡಿತು. ಬೆಟ್ಟವನ್ನೂ ನೀರನ್ನೂ ನಂಬಿ ಬಾಳುವ ಜನರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆಗಲೇ ತೋಡಿ ಸಿದ್ಧವಿದ್ದ ಆಳವೊಂದನ್ನು ನೀರಿಗೆ ಬಿಟ್ಟುಕೊಟ್ಟ ನಷ್ಟ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಆಳ ಹೋದರೂ ಲೆಕ್ಕ ಉಳಿದಿದೆ. ಕ್ವಾರ್ಕುಗಳ ಬಲದ ಅಧ್ಯಯನಕ್ಕೆ ಬೇಕಾದುದು ಬಹುಪಾಲು ಕಾಗದ, ಗಣಕಯಂತ್ರ ಮತ್ತು ಬಿಡದೆ ಯೋಚಿಸುವ ಮನಸ್ಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವಿದೆ. 1995ರಿಂದ ಅಲ್ಲಿ ದುಡಿದ ರೋಹಿಣಿ ಗೋಡ್ಬೋಲೆಯವರು ಬೆಳಕಿನ ಕಣದೊಳಗೂ ಕ್ವಾರ್ಕುಗಳ ವರ್ತನೆಯನ್ನು ಶೋಧಿಸಿ ಲೋಕಪ್ರಸಿದ್ಧರಾದರು. ಹೆಣ್ಣುಮಕ್ಕಳು ವಿಜ್ಞಾನಕ್ಕೆ ಬರಬೇಕೆಂದು 2024ರಲ್ಲಿ ತೀರಿಕೊಳ್ಳುವವರೆಗೂ ಶ್ರಮಿಸಿದರು. ನಂಜನಗೂಡಿನಲ್ಲಿ ಹುಟ್ಟಿದ ಶ್ರೀಕಂಠನ್ ಅವರು 2019ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಇವರ ಬಾಳು ನಮ್ಮ ಮಕ್ಕಳಿಗೆ ಚಲನಚಿತ್ರ ನಟರ ಬಾಳಿನಷ್ಟಾದರೂ ಪರಿಚಯವಾಗಬೇಡವೇ?

ಪಿ.ಯು.ಸಿ. ಮುಗಿಸುವ ಮಕ್ಕಳ ಮುಂದೆ ವೈದ್ಯ ಮತ್ತು ಎಂಜಿನಿಯರ್ ಎಂಬ ಎರಡೇ ಬಾಗಿಲುಗಳನ್ನು ತೆರೆದಿಡುವುದು ನಮ್ಮ ಮನೆಗಳ ವಾಡಿಕೆ. ಅನ್ನದ ಚಿಂತೆಯಿಂದ ಹುಟ್ಟಿದ ಆ ವಾಡಿಕೆಯನ್ನು ನಾವು ಹಳಿಯುವುದಿಲ್ಲ. ಆದರೆ 'ಇದಕ್ಕಿಂತ ಕಿರಿದು ಏನಿದೆ?' ಎಂದು ಕೇಳುವ ಮಗುವೊಂದು ಮನೆಯಲ್ಲಿದ್ದರೆ ಅದರ ಬಾಯಿ ಮುಚ್ಚಿಸದಿರುವಷ್ಟು ಉದಾರತೆ ಹಿರಿಯರಿಗಿರಲಿ. ಅತಿ ಕಿರಿಯ ಉದ್ದವೊಂದು ನಿಜವಾಗಿ ಇದೆಯೇ, ಪ್ರೋಟಾನಿಗೆ ಸಾವಿದೆಯೇ ಎಂಬ ಪ್ರಶ್ನೆಗಳಿಗೆ ಇಂದಿಗೂ ಉತ್ತರವಿಲ್ಲ. ಉತ್ತರ ಹೇಳುವ ಸರದಿ ಇನ್ನೂ ಯಾರಿಗೂ ಸಂದಿಲ್ಲ.